ಪೂರ್ವಾಭಿಮುಖ ಬೇಟೆಗೂಡು

ತೊಂಬತ್ತರ ದಶಕದಲ್ಲಿ ಅಮೆರಿಕದ ಕಮ್ಮಿಂಗ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಅಂಕಲ್ ಮೊಟ್ಟೆಯನ್ನೂ ಮುಟ್ಟುವವರಲ್ಲ. ಆದರೆ ಹಿತ್ತಲಿನ ಅವರೆಬಳ್ಳಿಯನ್ನು ಜಿಂಕೆಗಳು ಬೋಳಿಸಿದ ಮೇಲೆ ಬಿಲ್ಲು-ಬಾಣ ಕೊಂಡುಬಿಟ್ಟರು. ಬೇಟೆಗಾರರು ಅಡಗಿ ಕೂರುವ ಪ್ಲೈವುಡ್ ಗೂಡು, ಅಂದರೆ ಬಾಕ್ಸ್ ಬ್ಲೈಂಡ್, ಕಟ್ಟಲು ನನ್ನನ್ನೂ ಎಳೆದರು.

ಪ್ರತಿ ಹಲಗೆಗೂ ಕನ್ನಡಕವನ್ನು ಹಣೆಗೇರಿಸಿ, "ಸ್ವಲ್ಪ ಶಾಸ್ತ್ರ ನೋಡ್ಬೇಕಪ್ಪ" ಎನ್ನುತ್ತಿದ್ದರು. ಹಾಗಾಗಿ ಬಾಗಿಲು, ಕಿಟಕಿ ಎರಡೂ ಪೂರ್ವಕ್ಕೇ ಬಂದವು. ಹಾಲು ಉಕ್ಕಿಸಿ ಗೃಹಪ್ರವೇಶವೂ ಆಯಿತು.

ಮೊದಲ ಬೆಳಿಗ್ಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಬೆನ್ನ ಹಿಂದೆ, ಗೋಡೆಯಾಚೆ, ಕರಂ ಕರಂ ಸದ್ದು. ಅವರೆಚಪ್ಪರ ಇದ್ದದ್ದು ಪಶ್ಚಿಮಕ್ಕೆ.

"ಅಂಕಲ್, ಹಿಂದೆ ಒಂದು ಕಿಟಕಿ ಕಟ್ ಮಾಡೋಣ್ವಾ?" ಎಂದು ಪಿಸುಗುಟ್ಟಿದೆ.

"ಪಶ್ಚಿಮಕ್ಕಾ? ಸ್ವಲ್ಪ ಶಾಸ್ತ್ರ ನೋಡ್ಬೇಕಪ್ಪ."

ಮುಂದಿನ ವರ್ಷ ಅವರು ಕಿಟಕಿ ಕೊರೆಯಲಿಲ್ಲ, ಅವರೆಚಪ್ಪರವನ್ನೇ ಪೂರ್ವಕ್ಕೆ ಹಾಕಿದರು. ಜಿಂಕೆಗಳು ಏನೂ ಬೇಸರಿಸಿಕೊಳ್ಳದೆ ಅಲ್ಲಿಗೂ ಬಂದವು. ಅಂಕಲ್ ಹೆದೆ ಎಳೆದರು. ಅಷ್ಟರಲ್ಲಿ ಸೂರ್ಯ ಮರಗಳ ಮೇಲೆದ್ದು ನೇರವಾಗಿ ಕಣ್ಣಿಗೇ ಹೊಡೆದ. ಜಿಂಕೆಯಿರಲಿ, ಬಾಣದ ತುದಿಯೂ ಕಾಣುತ್ತಿರಲಿಲ್ಲ.

ಅವರು ಬಿಲ್ಲು ಕೆಳಗಿಟ್ಟು, ಶೂ ಬಿಚ್ಚಿ, ಸೂರ್ಯನಿಗೆ ಕೈಮುಗಿದರು.