ಹೊಳೆಮ್ಮ ಗುಡ್ಡ ಇಳಿದ ಸಂಜೆ

ಹೊಳೆಮ್ಮ ಶಾಲೆಯ ಗಂಟೆಯನ್ನು ಅರ್ಧ ತಾಸು ಮೊದಲೇ ಬಾರಿಸುತ್ತಾಳೆ ಎಂಬ ದೂರು ನನಗೆ ಬಂದದ್ದು 1938ರ ದೀಪಾವಳಿ ಕಳೆದ ಮೇಲೆ. ಆಗ ನಾನು ಬಳ್ಳಾರಿ ಜಿಲ್ಲೆಯ ಹೆಣ್ಣುಮಕ್ಕಳ ಶಾಲೆಗಳನ್ನು ತನಿಖೆ ಮಾಡಿ ಮದ್ರಾಸಿಗೆ ವರದಿ ಕಳಿಸುವ ಕೆಲಸದಲ್ಲಿದ್ದೆ. ಆ ಶಾಲೆ ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿತ್ತು. ಊರಿನ ಹೆಸರು ಇಲ್ಲಿ ಬೇಡ.

ಹೊಳೆಮ್ಮ ಅಲ್ಲಿ ಉಪಾಧ್ಯಾಯಿನಿಯಾಗಿರಲಿಲ್ಲ. ಬೆಳಿಗ್ಗೆ ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಶಾಲೆಗೆ ಕರೆತಂದು, ಸಂಜೆ ಮತ್ತೆ ಅವರವರ ಮನೆ ಮುಟ್ಟಿಸುವುದು ಆಕೆಯ ಕೆಲಸ. ಕಾಗದಪತ್ರಗಳಲ್ಲಿ ಆ ಹುದ್ದೆಗೆ ಕಂಡಕ್ಟ್ರೆಸ್ ಎಂದು ಹೆಸರು. ಊರವರು ಆಕೆಯನ್ನು ‘ಕರಿಯೋ ಹೊಳೆಮ್ಮ’ ಎನ್ನುತ್ತಿದ್ದರು. ಆಕೆಯ ತಂದೆ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದ. ಗಂಡ ದೊಡ್ಡ ಜ್ವರದ ವರ್ಷ, ಅಂದರೆ 1918ರಲ್ಲಿ, ಮೂರೇ ದಿನ ಮಲಗಿ ತೀರಿಹೋದ. ಮಕ್ಕಳಿರಲಿಲ್ಲ. ಶಾಲೆ ತೆರೆದಾಗ ಹುಡುಗಿಯರನ್ನು ಕಳಿಸಲು ಯಾರೂ ಒಪ್ಪಲಿಲ್ಲವಂತೆ. ಈಕೆ ಒಂದೊಂದೇ ಮನೆಯ ಕಟ್ಟೆಯ ಮೇಲೆ ಕೂತು, ಹರಟೆ ಹೊಡೆದು, ಕೊನೆಗೆ ಒಬ್ಬಳನ್ನು ಬಗಲಲ್ಲಿ ಎತ್ತಿಕೊಂಡು, ಇನ್ನೊಬ್ಬಳನ್ನು ಕೈ ಹಿಡಿದು ಕರೆತಂದಳು. ಆ ತಾಯಂದಿರು ನಂಬಿದ್ದು ಶಾಲೆಯನ್ನಲ್ಲ, ಹೊಳೆಮ್ಮನನ್ನು.

ನಾನು ಆರು ವರ್ಷಗಳಿಂದ ಆಕೆಯನ್ನು ಬಲ್ಲೆ. ತನಿಖೆಗೆ ಹೋದಾಗಲೆಲ್ಲ ಶಾಲೆಯ ಕೋಣೆಯಲ್ಲೇ ತಂಗುತ್ತಿದ್ದೆ. ಆಕೆ ನೀರು ಕಾಯಿಸಿಕೊಟ್ಟು, ಜಗಲಿಯಲ್ಲಿ ಕೂತು ಊರಿನ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಸ್ನೇಹ ಎನ್ನುವ ಮಾತನ್ನು ಇಬ್ಬರೂ ಆಡಿದವರಲ್ಲ. ಆದರೂ ಅದು ಸ್ನೇಹವೇ.

ದೂರು ಕೊಟ್ಟವಳು ಮುಖ್ಯೋಪಾಧ್ಯಾಯಿನಿ ಶಾಂತಕ್ಕ. ಐದಕ್ಕೆ ಬಿಡಬೇಕಾದ ಶಾಲೆ ನಾಲ್ಕೂವರೆಗೇ ಬಿಡುತ್ತಿದೆ. ಎಷ್ಟು ಹೇಳಿದರೂ ಹೊಳೆಮ್ಮ ಕೇಳುತ್ತಿಲ್ಲ. ನಾನು ಹೋದ ದಿನವೂ, ನನ್ನ ಕಣ್ಣೆದುರೇ, ಆಕೆ ನಾಲ್ಕೂವರೆಗೆ ತೂಗುಹಾಕಿದ್ದ ರೈಲುಕಂಬಿಯ ತುಂಡಿಗೆ ಕಬ್ಬಿಣದ ಗೂಟದಿಂದ ಬಡಿದಳು.

“ಹೊಳೆಮ್ಮ, ಗಡಿಯಾರ ನೋಡಿದೆಯಾ?”

“ನನಗೆಲ್ಲಿ ಗಡಿಯಾರ ಓದಾಕ ಬರ್ತೈತ್ರಿ ಅಮ್ಮಾರೆ? ನೆರಳು ಬೇವಿನ ಬುಡ ದಾಟಿದ್ರ ನಾನು ಬಾರಿಸ್ತೀನಿ. ಗಡಿಯಾರನ ತಡ ಐತೇನೋ, ಅದಕ್ಕ ಕೇಳ್ರಿ.”

ಮಕ್ಕಳು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದೆ. ಆಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊರಟಳು. ಭರಮಣ್ಣನ ಮಗಳು ತಾಯಕ್ಕ, ಹತ್ತು ವರ್ಷದವಳು, ಹೊಳೆಮ್ಮನ ಸೆರಗಿನ ತುದಿ ಹಿಡಿದು ಎಲ್ಲರಿಗಿಂತ ಮುಂದೆ ನಡೆದಿದ್ದಳು. ಹಿರಿಯಳು ಹಿಂದೆ, ಹುಡುಗಿ ಮುಂದೆ. ಕಂಡರೂ ನಾನು ಅದರ ಅರ್ಥ ಕೇಳಲಿಲ್ಲ.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಹಿಂದಿನ ಸಲ ಬಂದಾಗ ಆಕೆ ನನಗೆ ಊರ ಹಿಂದಿನ ಕಾವಲುಗುಡ್ಡ ತೋರಿಸುವುದಾಗಿ ಹೇಳಿದ್ದಳು. ನಾನು ಗದರಿದ್ದರೂ ಆಕೆ ಮಾತು ತಪ್ಪಲಿಲ್ಲ.

“ಊರೂರು ತಿರುಗಿ ಬರೇ ಗೋಡಿ ನೋಡ್ತೀರಿ, ಹಾಜರಿ ಪುಸ್ತಕ ನೋಡ್ತೀರಿ. ಒಮ್ಮೆ ಗುಡ್ಡನೂ ನೋಡ್ರಿ. ಆದ್ರ ಹೊತ್ತು ಇರೂತ್ಲೇ ಇಳೀಬೇಕು ಮತ್ತ.”

ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ. ನಡುವೆ ಒಬ್ಬರು ತೂರುವಷ್ಟು ದಾರಿ. ಆಕೆ ಆಡಿನಂತೆ ಮುಂದೆ ಹತ್ತಿದಳು. ನನ್ನ ಕಾಲು ಎರಡು ಸಲ ಜಾರಿತು.

“ಆ ಬೂಟು ಕೈಯಾಗ ಹಿಡೀರಿ. ನಮ್ಮ ಬಂಡಿಗಲ್ಲಿಗೆ ಇಂಗ್ಲೀಷು ತಿಳಿಯಂಗಿಲ್ಲ.”

ಬೂಟು ಕೈಯಲ್ಲಿ ಹಿಡಿದು ಹತ್ತಿದೆ. ತುದಿಯಲ್ಲಿ ಹಳೆಯ ಕಾವಲು ಮಂಟಪ, ನಾಲ್ಕು ಕಂಬ ಉಳಿದಿತ್ತು. ಬಡಗಣಕ್ಕೆ ಹೊಳೆ, ತೆಂಕಣಕ್ಕೆ ಸಂಡೂರಿನ ಬೆಟ್ಟಗಳ ಸಾಲು. ಕೆಳಗೆ ಬಾಳೆ, ಕಬ್ಬು, ಅವುಗಳ ನಡುವೆ ನೆಟ್ಟಗೆ ಹರಿದ ಕಾಲುವೆ. ಮಕ್ಕಳ ದಾರಿ ಆ ಕಾಲುವೆಯ ಏರಿಯ ಮೇಲೆಯೇ ಇತ್ತು. ನಾನು ಬುತ್ತಿ ಬಿಚ್ಚಿ ಮೊಸರನ್ನ ಕೊಟ್ಟೆ.

“ಬ್ಯಾಡ್ರಿ, ಬಿಟ್ಟೀನಿ,” ಎಂದು ತನ್ನ ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡಳು.

ಸೂರ್ಯ ಇನ್ನೂ ಎರಡು ಆಳೆತ್ತರ ಇರುವಾಗಲೇ ಆಕೆ ಎದ್ದು ನಿಂತಳು. ನಾನು ಕೂತೇ ಇದ್ದೆ. ಇಷ್ಟು ಹತ್ತಿ ಬಂದು ಮುಳುಗುವುದನ್ನು ನೋಡದೆ ಇಳಿಯುವುದೇ? ಆಕೆ ಮೂರು ಸಲ ಕರೆದಳು. ಮೂರನೆಯ ಸಲ ದನಿಯಲ್ಲಿ ಏನೋ ಇತ್ತು. ಆದರೂ ನಾನು ಏಳಲಿಲ್ಲ. ಸೂರ್ಯ ಹೊಸಪೇಟೆಯ ಕಡೆಗೆ ಇಳಿದ. ಬಂಡೆಗಳು ಕೆಂಪಾಗಿ, ನಂತರ ಬೂದಿಬಣ್ಣಕ್ಕೆ ತಿರುಗಿದವು. ನನಗೆ ದಾರಿ ಇನ್ನೂ ಚೆನ್ನಾಗಿಯೇ ಕಾಣುತ್ತಿತ್ತು.

“ನಡಿ ಇನ್ನು,” ಎಂದೆ.

ಹೊಳೆಮ್ಮ ನಡೆಯಲಿಲ್ಲ. ಒಂದು ಕೈಯಿಂದ ಕಂಬ ತಬ್ಬಿಕೊಂಡು, ಇನ್ನೊಂದನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು. ನಾನು ಎರಡು ಮಾರು ದೂರದಲ್ಲಿದ್ದೆ. ಆಕೆ ನೋಡುತ್ತಿದ್ದದ್ದು ಬೇರೆ ದಿಕ್ಕಿಗೆ.

“ಎಲ್ಲಿದ್ದೀರಿ ಅಮ್ಮಾರೆ?”

ಆಗ ತಿಳಿಯಿತು. ತಾಯಕ್ಕ ಮುಂದೆ ನಡೆದದ್ದು, ಗಂಟೆ ಬೇಗ ಬಾರಿಸಿದ್ದು, ಎರಡೂ.

“ಎಷ್ಟು ದಿನದಿಂದ?”

“ಎರಡು ವರ್ಷ ಆತ್ರಿ. ಹೊತ್ತು ಮುಳುಗಿದ್ರ ಈ ಕಣ್ಣೂ ಮುಳುಗ್ತಾವ. ಬೆಳಗ್ಗೆ ಮತ್ತ ಚಲೋ. ಇದನ್ನ ಬರೀಬ್ಯಾಡ್ರಿ. ಗಂಟಿದು ಬೇಕಾದ್ರ ಬರೀರಿ.”

ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದಳು. ಅದನ್ನು ಹಿಡಿದು ನಾನು ಮುಂದೆ ಇಳಿದೆ. “ಇಲ್ಲಿ ಮೆಟ್ಟಲು”, “ಇಲ್ಲಿ ಬಗ್ಗು” ಎಂದು ಹೇಳುತ್ತ ಕೆಳಗೆ ಮುಟ್ಟುವಷ್ಟರಲ್ಲಿ ಮುಕ್ಕಾಲು ತಾಸು ಹಿಡಿಯಿತು. ದಾರಿಯಲ್ಲಿ ಆಕೆ ಉಳಿದದ್ದನ್ನೂ ಹೇಳಿದಳು. ಬೇಗ ಬಿಟ್ಟರೆ ಮಕ್ಕಳು ಬೆಳಕಿನಲ್ಲೇ ಕಾಲುವೆ ದಾಟುತ್ತಾರೆ, ತಾನೂ ಮರಳಬಹುದು. ತಡವಾದ ದಿನ ಕೊನೆಯ ಮನೆಯ ಜಗಲಿಯಲ್ಲೇ ಮಲಗಿ, ಬೆಳಿಗ್ಗೆ ಮಕ್ಕಳೊಂದಿಗೇ ಬರುವುದು. ವಿಷಯ ಮಕ್ಕಳಿಗೆಲ್ಲ ಗೊತ್ತು. ಹದಿನೇಳು ಹುಡುಗಿಯರಲ್ಲಿ ಒಬ್ಬಳೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

“ಔಷಧಿ ಮಾಡಿದೆಯಾ?”

“ಹುಲಿಗೆಮ್ಮಗ ಹರಕಿ ಹೊತ್ತೀನ್ರಿ. ಕಣ್ಣು ಬರೂಮಟ ನನಗ ಇಷ್ಟ ಆದದ್ದು ಮುಟ್ಟಂಗಿಲ್ಲ ಅಂತ. ನುಗ್ಗಿ ಸೊಪ್ಪು, ರಾಜಗಿರಿ, ಯಾವ ಸೊಪ್ಪೂ ಇಲ್ಲ. ತತ್ತಿ ಇಲ್ಲ, ಹಾಲು ಮಜ್ಜಿಗಿ ಇಲ್ಲ.”

ನಾನು ನಿಂತುಬಿಟ್ಟೆ. ಇರುಳುಗುರುಡು ಬರುವುದೇ ಇವು ಹೊಟ್ಟೆಗೆ ಸಾಲದೆ. ಕಣ್ಣು ಮಸುಕಾದಷ್ಟೂ ಆಕೆ ಹರಕೆಯನ್ನು ಬಿಗಿ ಮಾಡಿದ್ದಳು. ಹರಕೆ ಬಿಗಿಯಾದಷ್ಟೂ ಕಣ್ಣು ಮಸುಕಾಗಿತ್ತು. ಇದನ್ನು ವಿವರಿಸಿದೆ. ಆಕೆ ಸಮಾಧಾನದಿಂದ ಕೇಳಿದಳು.

“ಇರಬೌದ್ರಿ. ಆದ್ರ ಕೊಟ್ಟ ಮಾತು ಕೊಟ್ಟಂಗ. ಆಕಿ ಹೊಳಿ ಆಚೆ ಕುಂತು ಎಲ್ಲಾ ನೋಡ್ತಿರ್ತಾಳ.”

ಆ ರಾತ್ರಿ ವರದಿಯ ಹಾಳೆ ಮುಂದಿಟ್ಟುಕೊಂಡು ಕೂತೆ. ಕಾಲುವೆ ಏರಿಯ ಮೇಲೆ ಹದಿನೇಳು ಮಕ್ಕಳು. ಕರೆದೊಯ್ಯುವವಳಿಗೆ ಮುಸ್ಸಂಜೆಯಲ್ಲಿ ಕಣ್ಣಿಲ್ಲ. ಬರೆಯದಿರುವುದು ನನ್ನ ಕೆಲಸಕ್ಕೆ ದ್ರೋಹ. ಬರೆದರೆ ಹೊಳೆಮ್ಮನ ಕೆಲಸ ಹೋಗುತ್ತದೆ, ಅವಳ ಹಿಂದೆ ಹುಡುಗಿಯರೂ ಮನೆಗೆ ಮರಳುತ್ತಾರೆ. ಬೆಳಿಗ್ಗೆ ಆಕೆಗೆ ಹೇಳಿದೆ: ಶಿವರಾತ್ರಿಯ ತನಕ ಸಮಯ. ಅಷ್ಟರಲ್ಲಿ ಕಣ್ಣು ಬಾರದಿದ್ದರೆ ಬರೆಯುತ್ತೇನೆ. ಅಲ್ಲಿಯವರೆಗೆ, ಮಕ್ಕಳು ಕಾಲುವೆ ದಾಟುವ ತನಕ ಶಾಂತಕ್ಕನೂ ಜೊತೆಗೆ ಹೋಗಬೇಕು. ವರದಿಯಲ್ಲಿ ಮಾತ್ರ, ಚಳಿಗಾಲದಲ್ಲಿ ಶಾಲೆಯನ್ನು ಅರ್ಧ ತಾಸು ಮೊದಲೇ ಶುರು ಮಾಡಿ ಅರ್ಧ ತಾಸು ಮೊದಲೇ ಬಿಡುವುದು ಲೇಸು ಎಂದು ಬರೆದೆ. ಕಣ್ಣಿನ ಮಾತು ಅದರಲ್ಲಿಲ್ಲ. ಅದು ಸರಿಯೆಂದು ಇಂದಿಗೂ ನಾನು ವಾದಿಸುವುದಿಲ್ಲ.

ಹೊಸಪೇಟೆಯ ಆಸ್ಪತ್ರೆಯಿಂದ ಇರುಳುಗುರುಡಿಗೆ ಕೊಡುವ ಮೀನೆಣ್ಣೆಯ ಬಾಟಲಿ ತಂದು ಮುಂದಿಟ್ಟಾಗ, ಆಕೆ ಬಿರಡೆ ತೆಗೆದು ಮೂಸಿ ಬಹಳ ಹೊತ್ತು ಯೋಚಿಸಿದಳು. ನಾನು ಜಗಳಕ್ಕೆ ಸಿದ್ಧಳಾಗಿದ್ದೆ.

“ಸೊಪ್ಪು ಅಂದೀನಿ. ತತ್ತಿ ಅಂದೀನಿ. ಹಾಲು ಅಂದೀನಿ,” ಎಂದು ಬೆರಳು ಮಡಿಚಿದಳು. “ಮೀನೆಣ್ಣಿ ಹೆಸರು ಆಕಿ ಮುಂದ ಎತ್ತೇ ಇಲ್ಲ. ಇದು ನಡಿತೈತಿ.”

ಮೂಗು ಹಿಡಿಯದೇ ಕುಡಿದಳು. “ನಮ್ಮಪ್ಪನ ಹರಿಗೋಲಿನ ವಾಸನಿ ಐತ್ರಿ ಇದಕ್ಕ,” ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಾಟಲಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಶಿವರಾತ್ರಿ ಕಳೆದ ಮೂರನೆಯ ದಿನ ನಾನು ಮತ್ತೆ ಹೋದೆ. ಕಣ್ಣು ಹೇಗಿದೆ ಎಂದು ಕೇಳಿದರೆ, “ಗುಡ್ಡದ ಮ್ಯಾಲೇ ಹೇಳ್ತೀನಿ, ಬರ್ರಿ,” ಎಂದಳು. ಬರೆಯುವುದೋ ಬಿಡುವುದೋ ಅಲ್ಲೇ ತೀರ್ಮಾನವಾಗಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಹತ್ತುವಾಗ ಆಕೆ ಯಾವ ಚೇಷ್ಟೆಯನ್ನೂ ಮಾಡಲಿಲ್ಲ. ಮಂಟಪದ ಕಂಬಕ್ಕೆ ಒರಗಿ ಕೂತೆವು. ಸೂರ್ಯ ಇಳಿಯತೊಡಗಿದ. ಆಕೆ ಎರಡೂ ಕೈಗಳನ್ನು ತೊಡೆಯ ಮೇಲೆ ಬಿಗಿಯಾಗಿ ಒತ್ತಿಕೊಂಡಿದ್ದಳು. ಮುಳುಗಿದ ಮೇಲೂ ಕದಲಲಿಲ್ಲ. ಕೆಳಗಿನ ಬಾಳೆತೋಟ ಕಪ್ಪಾಯಿತು. ನನಗೇ ಕಾಲುವೆಯ ಗೆರೆ ಮಸುಕಾಯಿತು.

“ಅಗೋ, ಭರಮಣ್ಣನ ಎತ್ತು,” ಎಂದಳು ಹೊಳೆಮ್ಮ. “ಏರಿ ಮ್ಯಾಲೆ ಹೊಂಟಾವ. ಎಡಗಡಿದು ಕುಂಟತೈತಿ.”

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಏನೋ ಚಲಿಸುತ್ತಿತ್ತು. ಎತ್ತೆಂಬುದೂ ನನಗೆ ತಿಳಿಯಲಿಲ್ಲ. ಪಕ್ಕಕ್ಕೆ ತಿರುಗಿದಾಗ ಆಕೆಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಹುಲಿಗೆಮ್ಮ ಕೊಟ್ಟಳು,” ಎಂದಳು. “ನಾಳೆ ಹೊಳಿ ದಾಟಿ ಹೋಗಿ ಹರಕಿ ಮುಗಿಸಿ, ನುಗ್ಗಿ ಸೊಪ್ಪಿನ ಪಲ್ಯ ಮಾಡ್ತೀನಿ. ನೀವು ಉಂಡೇ ಹೋಗಬೇಕು.”

ಮೀನೆಣ್ಣೆಯ ಹೆಸರನ್ನು ನಾನು ಎತ್ತಲಿಲ್ಲ.

ಆಕೆ ಮುಂದೆ ಇಳಿದಳು. ಎರಡು ಬಂಡೆ ಇಳಿಯುವಷ್ಟರಲ್ಲಿ ನನ್ನ ಕಾಲು ತಪ್ಪಿತು. ಕೈಯಲ್ಲಿದ್ದ ಬೂಟೊಂದು ಉರುಳಿ ಕೆಳಗೆಲ್ಲೋ ಬಿದ್ದ ಸದ್ದಾಯಿತು. ಹೊಳೆಮ್ಮ ನಿಂತು ಹಿಂದಿರುಗಿ ನೋಡಿದಳು. ನಕ್ಕಳೋ ಇಲ್ಲವೋ, ಆ ಮಬ್ಬಿನಲ್ಲಿ ನನಗೆ ಕಾಣಲಿಲ್ಲ.

“ಸೆರಗು ಹಿಡೀರಿ ಅಮ್ಮಾರೆ,” ಎಂದಳು. “ಹಿಂದ ಬರ್ರಿ. ಮೆಲ್ಲಕ.”

ಹಿಡಿದೆ.