ಕಾಲಿಲ್ಲದ ಕುದುರೆಗಳು
ನಮ್ಮ ಮಹಡಿಯ ಕೆರಿಮಾಲಿ ಅಣ್ಣ ಇಡೀ ಬಿಷ್ಕೆಕ್‌ನಲ್ಲೇ ಅತಿ ಸಣ್ಣ ಕುದುರೆಗಳ ಒಡೆಯ: ಗಾಜಿನ ತೊಟ್ಟಿಯಲ್ಲಿ ನಾಲ್ಕು ಕಡಲಕುದುರೆಗಳು. ಸೆಕೆಗಾಲದಲ್ಲಿ ತೊಟ್ಟಿಯ ನೀರು ಕಾಯದಂತೆ ತೇಲಿಬಿಡುವ ಮಂಜುಗಡ್ಡೆಯ ಬಾಟಲಿಗಳು ನಮ್ಮೆಲ್ಲರ ಫ್ರಿಜ್ಜಿನಲ್ಲಿ. ನಮ್ಮ ಮಾಂಸಕ್ಕೇ ಜಾಗವಿಲ್ಲ. ಅಣ್ಣ ದಿನಕ್ಕೆ ನಾಲ್ಕು ಸಲ ನೆಲದ ಮೇಲಿಟ್ಟ ತೊಟ್ಟಿಯ ಮುಂದೆ ಬೋರಲು ಮಲಗಿ, ‘ಬಿಸ್ಮಿಲ್ಲಾ’ ಎಂದು ಸೀಗಡಿ ಮರಿ ಹಿಡಿದು, ‘ತಿನ್ನೋ ರಾಜಾ, ಇನ್ನೊಂದೇ ಒಂದು’ ಎಂದು ಗೋಗರೆಯುತ್ತಾರೆ. ‘ಕಾಲೇ ಇಲ್ದಿರೋ ಕುದುರೆಗೆ ಇಷ್ಟು ಉಪಚಾರವಾ ಅಣ್ಣಾ? ತೊಟ್ಟೀನಾದ್ರೂ ಮೇಜಿನ ಮೇಲಿಡಿ’ ಎಂದು ಛೇಡಿಸಿದರೆ, ‘ಸುಮ್ನಿರಮ್ಮ, ಅಲ್ಲಿಟ್ರೆ ನಿಮ್ಮಕ್ಕಂಗೆ ಕಾಣ್ಸಲ್ಲ’ ಎನ್ನುತ್ತಾರೆ. ಅವರ ಹೆಂಡತಿ ಬುರುಲ್ಚಾ ಅಕ್ಕ ಈಗ ತೊಟ್ಟಿಯ ಎದುರಿಗೇ ನೆಲದ ಮೇಲೆ ಹಾಸಿಗೆ ಹಿಡಿದಿದ್ದಾರೆ. ನಲವತ್ತು ವರ್ಷ ಬೆಟ್ಟದಲ್ಲಿ ಕುದುರೆ ಮೇಯಿಸಿದ ಆಕೆ, ಕುದುರೆಗಳು ತಿನ್ನದೆ ಇಂದಿಗೂ ತುತ್ತು ಮುಟ್ಟುವುದಿಲ್ಲ. ಇವತ್ತು ಹಟಮಾರಿ ನಾಲ್ಕನೆಯದೂ ಸೀಗಡಿ ನುಂಗಿತು. ಅಕ್ಕ ಬಾಯಿ ತೆರೆದರು. ಅಣ್ಣ ಕೈ ತೊಳೆದು ಸಾರಿನ ಚಮಚ ಎತ್ತಿಕೊಂಡರು.