ಹಾಜರಿ ಕೂಗಿನಲ್ಲಿ ಬಿಟ್ಟುಹೋದ ಹೆಸರು

ಜಾವಳಿ ಸಮೀಪದ ಕಾಫಿ ಎಸ್ಟೇಟಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಅರುಣಾ ಅರ್ಧ ಕಣ ಗುಡಿಸಿ ಮುಗಿಸಿರುತ್ತಾರೆ. ಬಿಸಿಲು ಬಿದ್ದೊಡನೆ ಟಾರ್ಪಾಲು ಸರಿಸಿ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ, ಹರವಬೇಕು. ಸಂಜೆಯೊಳಗೆ ಹತ್ತು ಸಲವಾದರೂ ಹಲಗೆಯಲ್ಲಿ ಎಳೆದು ಹೊರಳಿಸಬೇಕು. "ಹೊರಳಿಸ್ದಿದ್ರೆ ಬೀಜ ಒಂದು ಮಗ್ಗಲು ಹಸಿಯಾಗೇ ಉಳೀತದೆ. ಮನುಷ್ಯರೂ ಅಷ್ಟೇ ಅಲ್ವ?" ಎಂದು ನಗುತ್ತಾರೆ.

ಎಂಟಕ್ಕೆ ಹಾಜರಿ. ಕಣದ ಆಚೆ ಗಂಡಾಳುಗಳು, ಈಚೆ ಹೆಣ್ಣಾಳುಗಳು. ನಡುವೆ ಇಪ್ಪತ್ತು ಹೆಜ್ಜೆ. ಕೂಲಿಯವರ ಲೈನ್ ಮನೆಯಲ್ಲಿ ಗಂಡುಮಗುವೆಂದು ಬೆಳೆದ ಟ್ರಾನ್ಸ್ ಮಹಿಳೆ ಅರುಣಾ ಆ ಇಪ್ಪತ್ತು ಹೆಜ್ಜೆ ದಾಟಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಅಪ್ಪ ಎರಡು ವರ್ಷ ಮಾತು ಬಿಟ್ಟರು. ಅವ್ವ ಅಣ್ಣಮ್ಮ ಮಾರನೆಯ ದಿನವೇ ತನ್ನ ರವಿಕೆಯ ಹೊಲಿಗೆ ಬಿಚ್ಚಿ, ಅಗಲ ಮಾಡಿ ಕೊಟ್ಟರು.

ಎಂಟು ವರ್ಷದಲ್ಲಿ ಊರೆಲ್ಲ ಅರುಣಾ ಎಂದೇ ಕರೆಯತೊಡಗಿತು. ಹಾಜರಿ ಮಾತ್ರ ಹಳೆಯ ಹೆಸರನ್ನೇ ಕೂಗುತ್ತಿತ್ತು. "ಬುಕ್ಕಲ್ಲಿ ಇದ್ದಂಗೆ ಕೂಗ್ಬೇಕಲ್ಲ ಮಾರಾಯ್ತಿ," ಎನ್ನುತ್ತಿದ್ದರು ಹಾಜರಿ ಬರೆಯುವ ರೈಟರ್ ರಾಜೀವ್. ಅರುಣಾ ಆ ಹೆಸರಿಗೆ ಓಗೊಡುತ್ತಿರಲಿಲ್ಲ, ಸುಮ್ಮನೆ ಕೈ ಎತ್ತುತ್ತಿದ್ದರು.

ಚಿಕ್ಕಮಗಳೂರಿನ ಹತ್ತು ದಿನದ ಶಿಬಿರವೊಂದರಲ್ಲಿ ಮೊಬೈಲಿನಲ್ಲೇ ವಿಡಿಯೊ ಮಾಡಲು ಕಲಿತವರು ಅರುಣಾ. ಹಣ್ಣು ಕೊಯ್ಯುವಾಗ ಸೊಂಟಕ್ಕೆ ಕಟ್ಟುವ ಹರಕು ಚೀಲಗಳನ್ನು ಮೂವತ್ತೆಂಟು ಕೂಡಿಸಿ ಹೊಲಿದು, ಹಿಂದೆ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ, ಈಗ ಪಾಳುಬಿದ್ದ ಪಲ್ಪರ್ ಮನೆಯಲ್ಲಿ ಪರದೆಯಾಗಿ ಇಳಿಬಿಟ್ಟರು. ಅದರ ಮೇಲೆ ಒಬ್ಬೊಬ್ಬರಾಗಿ ಹೆಣ್ಣಾಳುಗಳ ಮುಖ. ಕೊನೆಗೆ ತಮ್ಮದೇ ಆ ಇಪ್ಪತ್ತು ಹೆಜ್ಜೆ, ನಿಧಾನವಾಗಿ, ಒಂಬತ್ತು ನಿಮಿಷ. ಹಿನ್ನೆಲೆಗೆ ಮೊಬೈಲಿನಲ್ಲೇ ಹಿಡಿದ ರಾಜೀವರ ಹಾಜರಿ ಕೂಗು, ಕಾವ್ಯವಾಚನದ ಹಾಗೆ ಏರಿಳಿಯುವ ದನಿ. ತಮ್ಮ ಸರದಿಯಲ್ಲಿ ಹಳೆಯ ಹೆಸರನ್ನು ಕತ್ತರಿಸಿ, ಆ ಜಾಗವನ್ನು ಖಾಲಿ ಬಿಟ್ಟರು.

ಕಳೆದ ಭಾನುವಾರ ಪ್ರದರ್ಶನ. ಕೆಲಸದವರೆಲ್ಲ ನೆಲದ ಮೇಲೆ ಕೂತಿದ್ದಾರೆ. ಪರದೆಯ ಕಡೆಯಿಂದ "ತಿಮ್ಮಮ್ಮಾ" ಎಂದು ಕೇಳಿದ್ದೇ ತಡ, ತಿಮ್ಮಮ್ಮ ಧಡಕ್ಕನೆ ಎದ್ದು, "ಬಂದೀನಿ ರೈಟ್ರೇ!" ಎಂದುಬಿಟ್ಟರು.

"ಭಾನುವಾರನೂ ಬಿಡಲ್ವಲ್ಲ ಈ ಯಪ್ಪ!" ಎಂದು ಯಾರೋ ಕಿಚಾಯಿಸಿದರು. ನಗು ಮುಗಿಯುವ ಮೊದಲೇ ಮುಂದಿನ ಹೆಸರಿನವಳೂ ಓಗೊಟ್ಟಳು, ಅದರ ಮುಂದಿನವಳೂ. ಆಮೇಲೆ ಆ ಖಾಲಿ ಜಾಗ ಬಂತು. ಪರದೆಯ ಮೇಲೆ ಅರುಣಾ ನಡೆಯುತ್ತಿದ್ದಾರೆ. ಯಾವ ದನಿಯೂ ಇಲ್ಲ.

ತಿಮ್ಮಮ್ಮ ಹಿಂದೆ ತಿರುಗಿದರು. "ಯಾಕ್ರೀ ರೈಟ್ರೇ, ಒಂದು ಹೆಸರು ನುಂಗಿದ್ರಿ?"

ಹಿಂದೆ ಕೂತಿದ್ದ ರಾಜೀವ್ ತಲೆ ಕೆರೆದುಕೊಂಡರು.

ಸೋಮವಾರ ಬೆಳಿಗ್ಗೆ ಕಣದಲ್ಲಿ ಅದೇ ದನಿ ಕೂಗಿತು: "ಅರುಣಾ!" ಸದ್ದಿಲ್ಲ. "ಏ ಅರುಣಾ, ಕಿವಿ ಕೇಳಲ್ವ ಮಾರಾಯ್ತಿ?" ಆಗ ಓಗೊಟ್ಟರು ಅರುಣಾ.

ಪಾಪ, ಸಂತೋಷಕ್ಕೆ ಗಂಟಲು ಕಟ್ಟಿರಬೇಕು ಅಂತ ಎಲ್ಲರ ಲೆಕ್ಕ. ಅರುಣಾ ಒಪ್ಪುವುದಿಲ್ಲ. "ಎಂಥ ಗಂಟ್ಲೂ ಕಟ್ಟಿರ್ಲಿಲ್ಲ. ಮೊದಲ್ನೇ ಸಲನೇ ಚೆನ್ನಾಗಿ ಕೇಳ್ತು. ಇನ್ನೊಂದ್ಸಲ ಕೂಗ್ಲಿ ಅಂತ ಸುಮ್ನಿದ್ದೆ."